ಟುವಾಲು: ಹವಳದ ನೆಲದ ಬದುಕು

ಪೆಸಿಫಿಕ್ ಸಾಗರದ ಟುವಾಲು 9 ದ್ವೀಪಗಳ ದೇಶ. 1978ರಲ್ಲಿ ಬ್ರಿಟಿಷ್ ಆಳ್ವಿಕೆಯಿಂದ ಸ್ವತಂತ್ರವಾಯಿತು. ಒಟ್ಟು ವಿಸ್ತೀರ್ಣ ಸುಮಾರು 26 ಚದರ ಕಿಲೋಮೀಟರ್.

ನೀರು: ಇಲ್ಲಿ ನದಿಗಳಿಲ್ಲ. ಮನೆಯ ಚಾವಣಿಯಿಂದ ಇಳಿಯುವ ಮಳೆನೀರನ್ನು ಟ್ಯಾಂಕಿನಲ್ಲಿ ಹಿಡಿದಿಟ್ಟು ಬಳಸುತ್ತಾರೆ.

ಸಂಜೆ: ರಾಜಧಾನಿ ಫುನಾಫುಟಿಯ ರನ್‌ವೇಯನ್ನು 1943ರಲ್ಲಿ ಅಮೆರಿಕದ ಸೇನೆ ನಿರ್ಮಿಸಿತು. ಸಂಜೆಯಾದರೆ ಅದೇ ಊರಿನ ಆಟದ ಮೈದಾನ. ವಿಮಾನ ಬರುವ ಮುನ್ನ ಸೈರನ್ ಕೂಗುತ್ತದೆ. ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ.

ಬೆಳೆ: ಅಂತರ್ಜಲ ಸಿಗುವವರೆಗೆ ನೆಲ ಅಗೆದು, ಆ ಗುಂಡಿಯಲ್ಲಿ ‘ಪುಲಕಾ’ ಎಂಬ ಕೆಸುವಿನ ಜಾತಿಯ ಗೆಡ್ಡೆ ಬೆಳೆಯುತ್ತಾರೆ. ಬುಡಕ್ಕೆ ಸೊಪ್ಪಿನ ಗೊಬ್ಬರ ಹಾಕಿ ವರ್ಷಗಟ್ಟಲೆ ಸಾಕಬೇಕು. ಸಮುದ್ರ ಮಟ್ಟ ಏರಿದಂತೆ ಗುಂಡಿಗಳಿಗೆ ಉಪ್ಪುನೀರು ನುಗ್ಗಿ ಗೆಡ್ಡೆ ಕೊಳೆಯುತ್ತಿದೆ. ತಲೆಮಾರುಗಳು ಕಾಪಾಡಿದ ಈ ಬೇಸಾಯವನ್ನು ಉಳಿಸಿಕೊಳ್ಳುವ ಹೊಣೆ ಜಗತ್ತಿನದೂ ಹೌದು.