ಹಕ್ಕಿಗಳ ಪರಸ್ಪರ ವ್ಯವಹಾರವೂ ಛಾಯಾಚಿತ್ರದ ಸಾಕ್ಷ್ಯವೂ

ಬೀದರ ಪಟ್ಟಣದ ಪೂರ್ವಕ್ಕಿರುವ ಅಷ್ಟೂರ ಗ್ರಾಮದಲ್ಲಿ ಬಹಮನೀ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿರುವುದು ವಾಚಕರಿಗೆ ವಿದಿತವೇ ಇದೆ. ಅವುಗಳಲ್ಲಿ ಹುಮಾಯೂನನ ಗೋರಿಯ ಗುಮ್ಮಟವು ಸಿಡಿಲು ಬಡಿದು ಸೀಳಿ, ಅದರ ಒಳಮೈ ಆಕಾಶಕ್ಕೆ ತೆರೆದುಕೊಂಡಿದೆ. ಗುಲಾಮ್ ಯಜ್ದಾನಿಯವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತು ೧೯೪೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಟ್ಟಡಗಳ ವರ್ಣನೆಯೊಡನೆ ಛಾಯಾಚಿತ್ರಗಳೂ ಇವೆ. ಬೀದರವು ಆಗ ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿಯೇ ೧೯೩೧-೩೨ರಲ್ಲಿ ಸಾಲಿಂ ಅಲಿಯವರು ಪಕ್ಷಿಗಳ ಸರ್ವೇಕ್ಷಣವನ್ನು ನಡೆಯಿಸಿದರು. ಅದರ ವರದಿಯು ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಕಂತುಕಂತಾಗಿ ಹೊರಬಿದ್ದಿತು. ಆದರೆ ಆ ಸರ್ವೇಕ್ಷಣದ ಮುಖ್ಯ ಸಾಧನವು ಬಂದೂಕು. ಸಂಸ್ಥಾನವೊಂದೇ, ಕಾಲವೂ ಹೆಚ್ಚುಕಡಮೆ ಒಂದೇ. ಕಲ್ಲಿನ ದಾಖಲೆಗೆ ಕ್ಯಾಮರಾ, ಹಕ್ಕಿಯ ದಾಖಲೆಗೆ ಕೋವಿ.

ಇದನ್ನು ಕ್ರೌರ್ಯವೆಂದು ಹೇಳಿಬಿಡುವುದು ಸುಲಭ, ನ್ಯಾಯವಲ್ಲ. ಹಕ್ಕಿಯ ರೆಕ್ಕೆಯ ಉದ್ದ, ಕೊಕ್ಕಿನ ಅಳತೆ, ಗರಿಯ ಬಣ್ಣ, ಉಪಜಾತಿಯ ಭೇದ, ಇವುಗಳನ್ನು ನಿರ್ಣಯಿಸಲು ಆ ದಿನಗಳಲ್ಲಿ ಬೇರೆ ದಾರಿಯಿರಲಿಲ್ಲ. ಆದರೆ ಹತ್ತಿ ತುಂಬಿ ಪೆಟ್ಟಿಗೆಯಲ್ಲಿ ಮಲಗಿಸಿದ ಚರ್ಮವು ಒಂದು ಹಕ್ಕಿಯನ್ನು ಹೇಳೀತೇ ಹೊರತು ಎರಡು ಹಕ್ಕಿಗಳ ನಡುವೆ ನಡೆದುದನ್ನು ಹೇಳಲಾರದು. ಇದನ್ನು ಸಾಲಿಂ ಅಲಿಯವರೇ ಚೆನ್ನಾಗಿ ಬಲ್ಲರು. ಕಿಹೀಮಿನಲ್ಲಿ ಗೀಜಗಗಳನ್ನು ದಿನದಿನವೂ ನೋಡುತ್ತ ಕುಳಿತು ೧೯೩೧ರಲ್ಲಿ ಅವರು ಪ್ರಕಟಿಸಿದ ಲೇಖನವು ಆ ಹಕ್ಕಿಯ ಸಂಸಾರಕ್ಕೆ ಹೊಸ ಅರ್ಥವನ್ನು ಕಲ್ಪಿಸಿತು. ಗಂಡು ಅರ್ಧ ಹೆಣೆದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಒಳಹೊಕ್ಕು ನೆಲಸುತ್ತದೆ. ಗಂಡು ಆ ಗೂಡನ್ನು ಮುಗಿಸಿ, ಇನ್ನೊಂದು ಹೆಣ್ಣಿಗಾಗಿ ಇನ್ನೊಂದನ್ನು ತೊಡಗುತ್ತದೆ. ಇಷ್ಟನ್ನೂ ತಿಳಿಸಿದುದು ಬಂದೂಕಲ್ಲ, ಕ್ಯಾಮರಾ ಸಹ ಅಲ್ಲ, ತಾಳ್ಮೆಯುಳ್ಳ ಕಣ್ಣು.

ಹಕ್ಕಿಹಕ್ಕಿಗಳ ವ್ಯವಹಾರವನ್ನು ನೋಡುವ ಕುತೂಹಲವು ಈ ಸೀಮೆಗೆ ಹೊಸದಲ್ಲ. ಇದೇ ಬೀದರ ಜಿಲ್ಲೆಗೆ ಸೇರಿದ ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳನ್ನು ಎಣಿಸುವಾಗ ಕೋಳಿಯ ಕಾಳಗ, ಲಾವುಗೆಯ ಕಾಳಗ, ಪಾರಿವಾಳ, ಡೇಗೆಯ ಬೇಟೆ ಎಂಬ ನಾಲ್ಕನ್ನು ಪಕ್ಷಿಗಳಿಗೆ ಮೀಸಲಿಟ್ಟಿದ್ದಾನೆ. ಗ್ರಂಥದ ಕಾಲ ಸುಮಾರು ಕ್ರಿ. ಶ. ೧೧೨೯. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು: ಈ ಸಮಾಗಮಗಳೆಲ್ಲ ಮನುಷ್ಯನು ಏರ್ಪಡಿಸಿದವು. ಎಲ್ಲಿ, ಯಾವಾಗ, ಯಾವುದರ ಎದುರಿಗೆ ಯಾವುದು ಎಂಬುದನ್ನು ನಿಶ್ಚಯಿಸುವವನು ಪ್ರೇಕ್ಷಕನೇ. ಛಾಯಾಚಿತ್ರದ ವಿಚಾರಕ್ಕೆ ಬಂದಾಗ ಈ ಭೇದವೇ ನಮಗೆ ಒರೆಗಲ್ಲಾಗುತ್ತದೆ.

ಕ್ಯಾಮರಾ ಹಕ್ಕಿಯ ಕಡೆಗೆ ತಿರುಗಿದುದು ವಿಚಿತ್ರವಾಗಿ ಕೋವಿಯ ರೂಪದಿಂದಲೇ. ಫ್ರಾನ್ಸಿನ ಮಾರೇ ಎಂಬ ಶಾರೀರಶಾಸ್ತ್ರಜ್ಞನು ೧೮೮೨ರಲ್ಲಿ ಬಂದೂಕಿನಾಕಾರದ ಯಂತ್ರವೊಂದನ್ನು ಮಾಡಿ, ಹಾರುವ ಹಕ್ಕಿಯನ್ನು ಸೆಕೆಂಡಿಗೆ ಹನ್ನೆರಡು ಬಾರಿ ಚಿತ್ರಿಸಿದನು. ಇಂಗ್ಲೆಂಡಿನ ಕೆರ್ಟನ್ ಸೋದರರ ಗೂಡುಗಳ ಪುಸ್ತಕ ೧೮೯೫ರದು. ಹಕ್ಕಿಗೆ ಕಾಣದಂತಿರಲು ಅವರು ಟೊಳ್ಳಾದ ಎತ್ತಿನ ಬೊಂಬೆಯೊಳಗೆ ಅವಿತುಕೊಂಡರೆಂಬುದು ಪ್ರಸಿದ್ಧವಾದ ಸಂಗತಿ. ಹಿಂದೂದೇಶದಲ್ಲಿ ಬೇಟ್ಸ್ ಅವರ ಪುಸ್ತಕ ೧೯೩೧ರಲ್ಲಿಯೂ, ಲೋಥರ್ ಅವರದು ೧೯೪೯ರಲ್ಲಿಯೂ ಬಂದವು. ಈ ಪರಂಪರೆಯೆಲ್ಲ ಬಹುಮಟ್ಟಿಗೆ ಗೂಡಿನ ಛಾಯಾಗ್ರಹಣ. ಕಾರಣ ಸ್ಪಷ್ಟವಾಗಿದೆ. ಭಾರವಾದ ಕ್ಯಾಮರಾ, ಮಂದವಾದ ಫಲಕ, ಹತ್ತಿರಕ್ಕೆ ಹೋಗದೆ ಏನನ್ನೂ ಹಿಡಿಯದ ಮಸೂರ. ಇವುಗಳಿಗೆ ಹಕ್ಕಿಯು ತಾನಾಗಿ ಮರಳಿ ಬರುವ ಒಂದು ನಿಶ್ಚಿತ ಸ್ಥಾನ ಬೇಕು. ಅಂಥ ಸ್ಥಾನ ಗೂಡೊಂದೇ. ಆದುದರಿಂದ ಸುಮಾರು ಅರ್ಧ ಶತಮಾನ ಛಾಯಾಚಿತ್ರದಲ್ಲಿ ಕಂಡ ಹಕ್ಕಿಗಳ ಸಂಬಂಧವೆಂದರೆ ಹೆಚ್ಚಾಗಿ ತಾಯಿ-ಮರಿಗಳ ಸಂಬಂಧ. ಜಗಳ, ಕಳವು, ಓಲೈಕೆ, ನೆರೆಹೊರೆಯ ಸೈರಣೆ, ಇವು ಗೂಡಿನಿಂದ ದೂರದಲ್ಲಿ ನಡೆಯತಕ್ಕವು. ಚಿತ್ರದಿಂದಲೂ ದೂರವೇ ಉಳಿದವು.

ಕರ್ನಾಟಕದಲ್ಲಿ ಈ ಕಲೆಯ ಚರಿತ್ರೆಯನ್ನು ಬರೆಯುವವರು ಕೆಲವು ಹೆಸರುಗಳನ್ನು ಬಿಡಲಾಗದು. ೧೯೪೨ರಿಂದ ಕೆಲವು ವರ್ಷ ಸಂಡೂರು ಸಂಸ್ಥಾನದ ಸೇವೆಯಲ್ಲಿದ್ದ ಎಂ. ಕೃಷ್ಣನ್, ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಅವರಿಂದ ಕಲಿತ ಟಿ. ಎನ್. ಎ. ಪೆರುಮಾಳ್ (೧೯೩೨-೨೦೧೭), ಇ. ಹನುಮಂತರಾವ್, ಸಂಡೂರಿನ ರಾಜಮನೆತನದವರಾಗಿ ೧೯೮೩ರಲ್ಲಿ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಚಿತ್ರಗ್ರಂಥವನ್ನು ಹೊರತಂದ ಎಂ. ವೈ. ಘೋರ್ಪಡೆ. ಮೂಡಿಗೆರೆಯಲ್ಲಿದ್ದುಕೊಂಡು ಲೇಖನಿಯನ್ನೂ ಕ್ಯಾಮರಾವನ್ನೂ ಒಟ್ಟಿಗೆ ಹಿಡಿದ ಪೂರ್ಣಚಂದ್ರ ತೇಜಸ್ವಿಯವರನ್ನು ಸಾಹಿತ್ಯದ ಅಧ್ಯಾಪಕರಿಗೆ ಪರಿಚಯಿಸಬೇಕಾಗಿಲ್ಲ. ದೂರದ ಮಸೂರವೂ ಚುರುಕಾದ ಫಿಲ್ಮೂ, ಆಮೇಲೆ ಡಿಜಿಟಲ್ ಯಂತ್ರವೂ ಕೈಗೆ ಬಂದಮೇಲೆ ಛಾಯಾಗ್ರಾಹಕನು ಗೂಡನ್ನು ಬಿಟ್ಟು ಬಯಲಿಗೆ ಬರಲು ಸಾಧ್ಯವಾಯಿತು. ತನಗಿಂತ ಎಷ್ಟೋ ದೊಡ್ಡದಾದ ಹದ್ದನ್ನು ಕಾಜಾಣವು ಬೆನ್ನಟ್ಟುವುದೂ, ಗಂಡು ಮಿಂಚುಳ್ಳಿ ಹೆಣ್ಣಿಗೆ ಮೀನನ್ನು ಒಪ್ಪಿಸುವುದೂ ಈಗ ಯಾರ ಚಿತ್ರಸಂಪುಟದಲ್ಲಿಯಾದರೂ ಸಿಕ್ಕೀತು.

ಆದರೆ ಸುಲಭವಾದುದರಿಂದಲೇ ಸಂಶಯವೂ ಹುಟ್ಟಿತು. ಕಾಳು ಚೆಲ್ಲಿ, ಹುಳುವನ್ನು ಮುಳ್ಳಿಗೆ ಸಿಕ್ಕಿಸಿ, ಒಂದೇ ಕೊಂಬೆಗೆ ಎರಡು ಹಕ್ಕಿಗಳನ್ನು ಬರಿಸಿ ತೆಗೆದ ಜಗಳದ ಚಿತ್ರವು ಎಷ್ಟೇ ಸ್ಫುಟವಾಗಿರಲಿ, ಅದು ಸೋಮೇಶ್ವರನ ವಿನೋದಗಳ ಪಂಕ್ತಿಗೆ ಸಲ್ಲುವುದೇ ಹೊರತು ವನದ ವೃತ್ತಾಂತಕ್ಕೆ ಸಲ್ಲುವುದಿಲ್ಲವೆಂದು ನಮ್ಮ ಅಭಿಪ್ರಾಯ. ಗೂಡಿನ ಮರೆಯ ಎಲೆಗಳನ್ನು ಕತ್ತರಿಸಿ ತೆಗೆದ ಚಿತ್ರ ಇನ್ನೂ ಕೆಟ್ಟದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಶಬ್ದದ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆಗಳನ್ನೂ ಗೂಡುಗಳನ್ನೂ ಕದಡುವುದನ್ನು ಸೇರಿಸಿಕೊಂಡಿದೆ. ಮಾರೇಯ ಬಂದೂಕು ಗುಂಡಿಲ್ಲದುದಾಗಿತ್ತು. ಆದರೂ ಕಾಯಿದೆಯ ಕಣ್ಣಿನಲ್ಲಿ ಕ್ಯಾಮರಾ ಹಿಡಿದವನೂ ಬೇಟೆಗಾರನಾಗಬಲ್ಲನು.

ಏರ್ಪಾಡಿಲ್ಲದ ಚಿತ್ರವೂ ತಾನಾಗಿ ಮಾತಾಡುವುದಿಲ್ಲ. ಎರಡು ಗೊರವಂಕಗಳು ಕಾಲಿಗೆ ಕಾಲು ತೊಡರಿಸಿ ಬಿದ್ದಿರುವುದನ್ನು ಚಿತ್ರದಲ್ಲಿ ಕಂಡು ನರ್ತನವೆಂದವರುಂಟು, ಅದು ಹೊಡೆದಾಟ. ನೀಲಕಂಠದ ಉರುಳಾಟದ ಹಾರಾಟವು ಪ್ರಣಯಕ್ಕೂ ಬೆದರಿಕೆಗೂ ಒಂದೇ ತೆರನಾಗಿ ಕಾಣುತ್ತದೆ. ಶಾಸನವನ್ನು ಅದರ ಸ್ಥಳ, ತಿಥಿ, ಲಿಪಿಗಳಿಲ್ಲದೆ ಓದಲೊಪ್ಪದ ನಾವು, ಒಂದು ಸೆಕೆಂಡಿನ ಸಾವಿರದೊಂದು ಪಾಲಿನಷ್ಟು ಹೊತ್ತಿನ ಈ ಶಾಸನವನ್ನು ಮಾತ್ರ ಹಿಂದುಮುಂದಿಲ್ಲದೆ ಒಪ್ಪಿಕೊಳ್ಳುವುದೇಕೆ? ಚಿತ್ರದ ಮೊದಲು ಏನು ನಡೆಯಿತು, ಆಮೇಲೆ ಏನಾಯಿತು, ಛಾಯಾಗ್ರಾಹಕನು ಎಷ್ಟು ದೂರದಲ್ಲಿದ್ದನು, ಆಹಾರವನ್ನು ಇಟ್ಟಿದ್ದನೇ ಎಂಬ ನಾಲ್ಕು ಸಾಲು ಟಿಪ್ಪಣಿ ಜೊತೆಗಿದ್ದರೆ ಮಾತ್ರ ಅದನ್ನು ಪ್ರಮಾಣವೆಂದು ಗ್ರಹಿಸತಕ್ಕದ್ದು.

ನಮ್ಮ ಕವಿಗಳ ಪಕ್ಷಿಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು. ಇರುಳಾದೊಡನೆ ಅಗಲುವ ಚಕ್ರವಾಕ ದಂಪತಿಗಳೂ, ಬೆಳುದಿಂಗಳನ್ನುಂಬ ಚಕೋರವೂ ಯಾವ ಮಸೂರಕ್ಕೂ ಸಿಕ್ಕುವಂಥವಲ್ಲ. ಕೋಗಿಲೆಯ ಮಾತು ಬೇರೆ. ಅದನ್ನು ಪರಭೃತವೆಂದು ಸಂಸ್ಕೃತದವರೂ, ಪರಪುಟ್ಟವೆಂದು ಹಳಗನ್ನಡದವರೂ ಕರೆದರು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಪರರಿಂದ ಪೋಷಣೆ ಮಾಡಿಸಿಕೊಳ್ಳುವ ಅದರ ನಡವಳಿಕೆಯು ಹೆಸರಿನಲ್ಲಿಯೇ ದಾಖಲೆಯಾಗಿದೆ. ಮಳೆಗಾಲದ ಮೊದಲಲ್ಲಿ ಅಷ್ಟೂರದ ಮರಗಳಲ್ಲಿ ಕಾಗೆಯು ಕಪ್ಪು ಮರಿಯೊಂದರ ಬಾಯಿಗೆ ತುತ್ತಿಡುತ್ತಿದ್ದರೆ, ಛಾಯಾಚಿತ್ರವು ಆ ತುತ್ತನ್ನು ಗರಿಗರಿಯ ವಿವರದೊಡನೆ ತೋರಿಸೀತು. ಎಳೆಯ ಕೋಗಿಲೆಯೂ ಕಪ್ಪಾಗಿಯೇ ಇರುವುದರಿಂದ ಅದು ಯಾರ ಮರಿಯೆಂಬುದನ್ನು ಅಜಾಗರೂಕನಾದ ನೋಡುಗನಿಗೆ ಚಿತ್ರವು ತಿಳಿಸದೆಯೂ ಹೋದೀತು. ಪರಪುಟ್ಟವೆಂಬ ನಾಲ್ಕಕ್ಷರದ ಶಬ್ದವು ತಿಳಿಸುತ್ತದೆ.