ಯಜಮಾನರು ಬದಲಾದರೂ ಉಳಿದ ಸೀರೆ

1948ರ ಜೂನ್ 8ರಂದು ಮುಂಬೈಯಿಂದ ಲಂಡನ್ನಿಗೆ ಹೊರಟ 'ಮಲಬಾರ್ ಪ್ರಿನ್ಸೆಸ್' ಏರ್ ಇಂಡಿಯಾದ ಮೊದಲ ವಿದೇಶಿ ವಿಮಾನ. ಆ ಕಾಲದ ಗಗನಸಖಿಯರ ಉಡುಪು ಸ್ಕರ್ಟ್, ಜಾಕೆಟ್, ತಲೆಗೆ ಟೋಪಿ. ಅವರಲ್ಲಿ ಬಹಳಷ್ಟು ಮಂದಿ ಆಂಗ್ಲೋ-ಇಂಡಿಯನ್ನರು.

1953ರಲ್ಲಿ ನೆಹರೂ ಸರ್ಕಾರ ಸಂಸ್ಥೆಯನ್ನು ರಾಷ್ಟ್ರೀಕರಣ ಮಾಡಿತು. ಮಾಲೀಕತ್ವ ಟಾಟಾಗಳ ಕೈಬಿಟ್ಟರೂ ಅಧ್ಯಕ್ಷರ ಕುರ್ಚಿಯಲ್ಲಿ ಜೆ.ಆರ್.ಡಿ. ಟಾಟಾ ಅವರೇ ಕುಳಿತರು. ಸ್ಕರ್ಟೂ ಉಳಿಯಿತು! ಅದು ಹೋಗಿ ಸೀರೆ ಬಂದದ್ದು 1960ರ ದಶಕದಲ್ಲಿ, ಜೆ.ಆರ್.ಡಿ. ಆಸಕ್ತಿಯಿಂದ. ಮೊದಲ ಸೀರೆಗಳನ್ನು ಪೂರೈಸಿದ್ದು ಬೆಂಗಳೂರಿಗರಿಗೆ ಚಿರಪರಿಚಿತವಾದ ಬಿನ್ನಿ ಬಟ್ಟೆ ಗಿರಣಿ. ವಿದೇಶಿ ಕಂಪನಿಗಳ ನಡುವೆ ಎದ್ದು ಕಾಣಲು ಇದಕ್ಕಿಂತ ಅಗ್ಗದ ಜಾಹೀರಾತು ಬೇರೆ ಇರಲಿಲ್ಲ ಎನ್ನಬೇಕು.

1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಜೆ.ಆರ್.ಡಿ. ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿತು. ಆ ಜಾಗಕ್ಕೆ ಬಂದವರು ನಿವೃತ್ತ ವಾಯುಪಡೆ ಮುಖ್ಯಸ್ಥ ಪಿ.ಸಿ. ಲಾಲ್. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜೊತೆ ವಿಲೀನ. 2013ರಲ್ಲಿ ಪ್ರಧಾನ ಕಚೇರಿ ಮುಂಬೈನ ನಾರಿಮನ್ ಪಾಯಿಂಟಿನ ಗೋಪುರ ಬಿಟ್ಟು ದೆಹಲಿ ಸೇರಿತು. ಇಷ್ಟೆಲ್ಲ ಆದರೂ ಸೀರೆ ಅಲುಗಲಿಲ್ಲ.

2022ರ ಜನವರಿ 27ರಂದು ಸಂಸ್ಥೆ ಮತ್ತೆ ಟಾಟಾ ಸಮೂಹಕ್ಕೆ ಬಂತು. ಮರುವರ್ಷದ ಡಿಸೆಂಬರಿನಲ್ಲಿ ಮುಂಬೈನ ವಸ್ತ್ರ ವಿನ್ಯಾಸಕ ಮನೀಶ್ ಮಲ್ಹೋತ್ರಾ ರೂಪಿಸಿದ ಹೊಸ ಸಮವಸ್ತ್ರ ಹೊರಬಂತು. ಗಂಡಸರಿಗೆ ಬಂದ್‌ಗಲಾ. ಹೆಂಗಸರಿಗೆ ನೆರಿಗೆ ಹಿಡಿಯುವ ಗೋಜಿಲ್ಲದ ಸಿದ್ಧ ಸೀರೆ. ಬೇಕೆಂದವರು ಅದರ ಜೊತೆ ಪ್ಯಾಂಟನ್ನೂ ತೊಡಬಹುದು.