ಮೈಸೂರು ದೊರೆ, ಲಂಡನ್ನಿನ ಬಡ ಮೇಷ್ಟ್ರು

ಮೊನ್ನೆ ಬೆಂಗಳೂರಿನಲ್ಲಿ ಒಂದು ಸಂಜೆ ಪಾಶ್ಚಾತ್ಯ ಹಾಡುಗಳನ್ನು ಕೇಳಿ ಬಂದೆ. ವೇದಿಕೆ ಮೇಲೆ ಇಬ್ಬರೇ. ಒಬ್ಬ ಬ್ಯಾರಿಟೋನ್ ಗಾಯಕ (ತೀರಾ ಮಂದ್ರವೂ ಅಲ್ಲದ, ತಾರವೂ ಅಲ್ಲದ ಗಂಡು ಕಂಠ), ಇನ್ನೊಬ್ಬರು ಪಿಯಾನೋ ಮುಂದೆ. ಮೈಕು ಕೂಡ ಇರಲಿಲ್ಲ! ನಮ್ಮ ಭಾವಗೀತೆಯ ಹಾಗೇ ಕವಿಯ ಪದ್ಯಕ್ಕೆ ಇನ್ನೊಬ್ಬರ ರಾಗ. ಆದರೆ ಪಿಯಾನೋದ ಪ್ರತಿ ಸ್ವರವನ್ನೂ ರಾಗ ಹಾಕಿದವನೇ ಬರೆದಿಟ್ಟಿರುತ್ತಾನೆ. ಅದು ಬರೀ ಪಕ್ಕವಾದ್ಯ ಅಲ್ಲ, ಅರ್ಧ ಹಾಡೇ ಅದು.

ಚನ್ನಪಟ್ಟಣಕ್ಕೆ ವಾಪಸ್ ಬರುವ ರೈಲಿನಲ್ಲಿ ನಿಕೊಲಾಯ್ ಮೆಟ್ನರ್ ನೆನಪಾದ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ಪುಷ್ಕಿನ್, ಗಯಟೆ ಪದ್ಯಗಳಿಗೆಲ್ಲ ರಾಗ ಹಾಕಿ ನೂರಕ್ಕೂ ಹೆಚ್ಚು ಹಾಡು ಮಾಡಿದ. ಕ್ರಾಂತಿಯ ನಂತರ ದೇಶ ಬಿಟ್ಟು ಕೊನೆಗೆ ಲಂಡನ್ ಸೇರಿದ. ಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ದುಡ್ಡೂ ನಿಂತಿತು. ಪಾಠ ಹೇಳಿಕೊಂಡು ಬದುಕುತ್ತಿದ್ದವನಿಗೆ ಹೃದಯದ ಕಾಯಿಲೆ ಬೇರೆ.

ಆಗ ಕೈ ಹಿಡಿದವರು ಯಾರು ಗೊತ್ತೇ? ನಮ್ಮ ಜಯಚಾಮರಾಜ ಒಡೆಯರು! ಸ್ವತಃ ಪಿಯಾನೋ ಕಲಿತವರು. ರಾಖ್ಮನಿನಾಫ್ ಹತ್ತಿರ ಹೋಗಿ ಕಲಿಯುವ ಆಸೆ ಇತ್ತಂತೆ. 1940ರಲ್ಲಿ ತಂದೆಯೂ ತೀರಿಕೊಂಡರು, ದೊಡ್ಡಪ್ಪ ಕೃಷ್ಣರಾಜರೂ ತೀರಿಕೊಂಡರು. ಇಪ್ಪತ್ತೊಂದರ ಹುಡುಗ ಸಿಂಹಾಸನದಲ್ಲಿ ಕೂತ, ಪಿಯಾನೋ ಆಸೆ ಅಲ್ಲಿಗೆ ಮುಗಿಯಿತು. ಆಮೇಲೆ ಅವರ ದುಡ್ಡಿನಲ್ಲಿ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಶುರುವಾಯಿತು. ಹೆಚ್.ಎಂ.ವಿ. ರೆಕಾರ್ಡುಗಳಲ್ಲಿ ಮುದುಕ ತನ್ನ ಮೂರು ಕನ್ಸರ್ಟೋಗಳನ್ನೂ ಅನೇಕ ಹಾಡುಗಳನ್ನೂ ತಾನೇ ಪಿಯಾನೋ ನುಡಿಸಿ ಉಳಿಸಿಹೋದ. ಮೂರನೇ ಕನ್ಸರ್ಟೋ ಮೈಸೂರು ಮಹಾರಾಜರಿಗೇ ಅರ್ಪಣೆ. 1951ರಲ್ಲಿ ತೀರಿಕೊಂಡ. ಸ್ವಲ್ಪ ತಡವಾಗಿದ್ದರೆ ಆ ಕೈ ನಮಗೆ ಕೇಳಿಸುತ್ತಲೇ ಇರಲಿಲ್ಲ.

ಇನ್ನೊಂದು ಕತೆ. ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ. ಇಲ್ಲಿ ಪಿಯಾನೋ ಬದಲು ಇಡೀ ಆರ್ಕೆಸ್ಟ್ರಾ. ಅದಕ್ಕೆ 4,800 ಡಾಲರ್ ಖಾತರಿ ಕೊಟ್ಟವರೂ ಒಡೆಯರೇ. ಹೋಗಲಾಗಲಿಲ್ಲ, ರೆಕಾರ್ಡು ಮೈಸೂರಿಗೆ ಬಂತು. ಕ್ಲೋಸ್‌ಪೇಟೆ (ಈಗಿನ ರಾಮನಗರ), ಚನ್ನಪಟ್ಟಣ ದಾಟಿಕೊಂಡೇ ರೈಲಿನಲ್ಲಿ ಹೋಗಿರಬೇಕು ಅಂತ ನನ್ನ ಕಲ್ಪನೆ.

ಅಷ್ಟು ದುಡ್ಡು ಯಾರದು ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ರೇಷ್ಮೆ ಹುಳು ಸಾಕಿದ ನಮ್ಮ ಕಡೆಯವರ ಕಂದಾಯವೂ ಅರಮನೆಯ ಸಂಪತ್ತಿನಲ್ಲಿ ಸೇರಿತ್ತಲ್ಲ! ಹಾಗಿದ್ದ ಮೇಲೆ ನಮಗೂ ಒಂದು ಪಾಲು ಇರಲಿ ಅಂತ ರಾತ್ರಿ ಮನೆಯಲ್ಲಿ ಮೆಟ್ನರ್ ಹಾಡು ಹಾಕಿದೆ. ಅಡುಗೆಮನೆಯಿಂದ ಅಮ್ಮ ಬಂದು ಎರಡು ನಿಮಿಷ ನಿಂತು ಕೇಳಿದರು.

"ಯಾರೋ ಪಾಪ, ಅಳ್ತಾ ಇದಾರಾ?"

ಹಾಡು ಮುಗಿಯುವ ತನಕ ಒಳಗೆ ಮಾತ್ರ ಹೋಗಲಿಲ್ಲ.